ಈ ಮೀನು ಹುಟ್ಟಿದ್ದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿ ಅಭ್ಯಾಸವಾಗಿ, ಇನ್ನು ಮುಂದೆ ಉಪ್ಪುನೀರಿನ ಬಣ್ಣದ ಮೀನು ಸಾಕಬೇಕೆಂದು ಆಸೆಪಟ್ಟಿರುವವರಿಗಾಗಿ ಈ ಮಾತು. ನಿಮ್ಮಿಂದ ನನಗೆ ಬೇಕಾದದ್ದು ಒಂದೇ. ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಇದನ್ನು ಕೇಳಿ: ಈ ಮೀನು ಹುಟ್ಟಿದ್ದು ಎಲ್ಲಿ? ಕಡಲಿನಲ್ಲೋ, ತೊಟ್ಟಿಯಲ್ಲೋ?

ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಕೊಳ್ಳುವಾಗ ಈ ಪ್ರಶ್ನೆ ಬೇಕಿಲ್ಲ. ಅವು ಸಾಕಣೆಯ ಕೊಳಗಳಲ್ಲೇ ಹುಟ್ಟಿದವು. ಕಡಲ ಮೀನು ಹಾಗಲ್ಲ. ಅಂಗಡಿಗೆ ಬರುವ ಜಾತಿಗಳಲ್ಲಿ ಹೆಚ್ಚಿನವನ್ನು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಇದಕ್ಕೊಂದು ಸುಲಭದ ದಾರಿ ಹುಟ್ಟಿಕೊಂಡಿತು. ಸೋಡಿಯಂ ಸಯನೈಡ್ ಕರಗಿಸಿದ ನೀರನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಹವಳದ ಸಂದಿಗೆ ಚಿಮ್ಮಿಸುವುದು, ಮಂಪರು ಕವಿದು ತೇಲಿಬಂದ ಮೀನನ್ನು ಬಾಚಿಕೊಳ್ಳುವುದು. ಹವಳ ಅಲ್ಲೇ ಸಾಯುತ್ತದೆ. ಮೀನುಗಳಲ್ಲಿ ಎಷ್ಟೋ ದಾರಿಯಲ್ಲಿ, ಇನ್ನೆಷ್ಟೋ ಕೊಂಡವರ ಮನೆಯಲ್ಲಿ ಸಾಯುತ್ತವೆ. ಕೊಂಡವರು ನೀರು ಸರಿಯಿರಲಿಲ್ಲವೇನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ತೊಟ್ಟಿಯಲ್ಲಿ ಕಡಲ ಮೀನು ಮರಿ ಮಾಡುತ್ತದೆಯೇ ಎಂದು ಕೇಳುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ತಮಿಳುನಾಡಿನ ಕರಾವಳಿಯ ಒಂದು ಹ್ಯಾಚರಿಗೆ, ಅಂದರೆ ಮೀನು ಮರಿ ಮಾಡಿಸುವ ಕೇಂದ್ರಕ್ಕೆ, ಕೆಲಸ ಕಲಿಯಲು ಹೋಗಿದ್ದೆ. ಅಲ್ಲಿ ಒಂದು ಜೋಡಿ ಕ್ಲೌನ್ ಮೀನುಗಳಿದ್ದವು, ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿ. ದೊಡ್ಡದು ಹೆಣ್ಣು, ಚಿಕ್ಕದು ಗಂಡು. ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡೇ. ಹೆಣ್ಣು ಸತ್ತರೆ ಅದರ ಜೊತೆಗಾರನೇ ಹೆಣ್ಣಾಗುತ್ತದೆ. ನಾನು ಹೋದ ವಾರವೇ ಹೆಣ್ಣು ಒಂದು ಹೆಂಚಿನ ತುಂಡಿನ ಮೇಲೆ ಮೊಟ್ಟೆಯಿಟ್ಟಿತು. ಕಾವಲೆಲ್ಲ ಗಂಡಿನದು. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರಾಡಿಸುತ್ತಿತ್ತು, ಕೆಟ್ಟ ಮೊಟ್ಟೆಗಳನ್ನು ಬಾಯಿಯಿಂದ ಆರಿಸಿ ತೆಗೆಯುತ್ತಿತ್ತು. ನಾನು ತೊಟ್ಟಿಗೆ ಕೈ ಇಳಿಸಿದರೆ, ಹೆಬ್ಬೆರಳಿನಷ್ಟಿದ್ದ ಆ ಮೀನು ಬಂದು ಕಚ್ಚುತ್ತಿತ್ತು.

ಏಳನೆಯ ದಿನ ಮೊಟ್ಟೆಗಳೊಳಗೆ ಬೆಳ್ಳಿಯ ಚುಕ್ಕಿಗಳಂತೆ ಕಣ್ಣುಗಳು ಕಂಡವು. ಕತ್ತಲಾಗದೆ ಅವು ಒಡೆಯುವುದಿಲ್ಲ. ದೀಪ ಆರಿಸಿ ಕುಳಿತೆವು. ಗಂಟೆಯೊಂದು ಕಳೆದ ಮೇಲೆ ಟಾರ್ಚ್ ಬಿಟ್ಟರೆ, ಬೆಳಕಿನ ಕಡೆಗೆ ನೂರಾರು ಎಳೆಮರಿಗಳು ತೇಲಿ ಬರುತ್ತಿದ್ದವು, ಒಂದೊಂದೂ ಮೂರು ನಾಲ್ಕು ಮಿಲಿಮೀಟರ್ ಉದ್ದ. ಮೂರನೆಯ ಬೆಳಿಗ್ಗೆ ಮುಕ್ಕಾಲು ಪಾಲು ಸತ್ತಿದ್ದವು. ತಪ್ಪು ನಮ್ಮದೇ, ಅವು ತಿನ್ನುವ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳನ್ನು ಸಾಕಷ್ಟು ಬೆಳೆಸಿಟ್ಟಿರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ. ಆದರೆ ಎರಡು ವಾರ ಕಳೆಯುವಷ್ಟರಲ್ಲಿ ಅದೇ ಜೋಡಿ ಮತ್ತೆ ಮೊಟ್ಟೆಯಿಟ್ಟಿತು! ಈ ಸಲ ಆಹಾರ ಮೊದಲೇ ಸಿದ್ಧವಿತ್ತು. ಹನ್ನೆರಡನೆಯ ದಿನ ಒಂದು ಮರಿಯ ತಲೆಯ ಹಿಂದೆ ಬಿಳಿ ಪಟ್ಟಿ ಮೂಡಿತು, ಸಂಜೆಗೆ ಇನ್ನೂ ಹತ್ತಕ್ಕೆ. ಕಡಲನ್ನೇ ಕಾಣದ ಮೀನುಗಳು ಅವು. ಹುಟ್ಟಿದಾಗಿನಿಂದ ತೊಟ್ಟಿಯ ನೀರು, ಕೈಯಿಂದ ಹಾಕಿದ ಆಹಾರ. ನಿಮ್ಮ ಮನೆಯಲ್ಲಿ ಬದುಕಿ ಬಾಳುವ ಮೀನು ಅಂಥದ್ದು.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇಂಡೋನೇಷ್ಯಾದ ಸುಲಾವೇಸಿಯ ಪಕ್ಕದಲ್ಲಿ ಬಂಗ್ಗಾಯಿ ದ್ವೀಪಗಳಿವೆ. ಬಂಗ್ಗಾಯಿ ಕಾರ್ಡಿನಲ್ ಎಂಬ ಮೀನಿನ ತವರು ಅದೊಂದೇ. ಈ ಜಾತಿಯಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಮರಿ ಹೊರಬಂದ ಮೇಲೂ ದೂರ ಹೋಗುವುದಿಲ್ಲ, ಅಲೆಗಳ ಜೊತೆ ತೇಲಿ ಬೇರೆ ದಿಬ್ಬ ಸೇರುವುದಿಲ್ಲ. ಹಾಗಾಗಿ ಒಂದು ಕೊಲ್ಲಿಯ ಮೀನು ಬರಿದಾದರೆ ಅಲ್ಲಿಗೆ ಬೇರೆ ಕಡೆಯಿಂದ ಬಂದು ತುಂಬುವವರಿಲ್ಲ. ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಹಿಡಿಯುತ್ತಿದ್ದರೆಂಬ ಅಂದಾಜಿದೆ. 2007ರಲ್ಲಿ ಅದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ವಿಪರ್ಯಾಸವೆಂದರೆ, ತೊಟ್ಟಿಯಲ್ಲಿ ಸುಲಭವಾಗಿ ಮರಿ ಮಾಡುವ ಕಡಲ ಮೀನುಗಳಲ್ಲಿ ಅದೂ ಒಂದು. ಹೀಗಿರುವಾಗ ಕಡಲಿಗೆ ಬಲೆ ಏಕೆ? ಕೇಳುವವರಿಲ್ಲ, ಅದಕ್ಕೆ. ಈ ಮೀನು ಹುಟ್ಟಿದ್ದು ಎಲ್ಲಿ ಎಂದು ಕೇಳುವವರಿಲ್ಲ.

ಮೀನು ಹಿಡಿಯುವವರ ಹೊಟ್ಟೆಪಾಡೇನು ಎಂಬ ಪ್ರಶ್ನೆ ನನ್ನದೂ ಹೌದು. ಲಕ್ಷದ್ವೀಪದ ಅಗತ್ತಿಯಲ್ಲಿ ಮಹಿಳೆಯರು ಅಲಂಕಾರಿಕ ಸೀಗಡಿ ಸಾಕುವುದನ್ನು ಕಲಿತಿದ್ದಾರೆ. ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೊ ಅವರಿಗೆ ತರಬೇತಿ ಕೊಟ್ಟಿದೆ. ದ್ವೀಪದವರೇ ಸಾಕಿ, ದ್ವೀಪದವರೇ ಮಾರಲಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ನೀರಿಗಿಳಿದವರು ಆ ಬಂಡೆಗಳ ನಡುವೆ ಎಂಥ ಬಣ್ಣಗಳಿವೆಯೆಂದು ನೋಡಿದ್ದಾರೆ. ಅವು ಅಲ್ಲೇ ಇರಲಿ.

ಮಾವಿನ ಹಣ್ಣು ಯಾವ ಊರಿನದು, ಮಲ್ಲಿಗೆ ಎಲ್ಲಿಯದು ಎಂದು ಕೇಳಿಯೇ ಕೊಳ್ಳುವವರು ನಾವು. ಸಾವಿರಾರು ರೂಪಾಯಿ ಕೊಡುವ ಮೀನಿನ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತೇವೆ. ಅಂಗಡಿಯವರು ಗೊತ್ತಿಲ್ಲ ಎಂದರೆ ಕೊಳ್ಳಬೇಡಿ, ಹ್ಯಾಚರಿಯ ಮೀನು ತರಿಸಿಕೊಡಿ ಎಂದು ಹೇಳಿ ಹೊರಗೆ ಬನ್ನಿ.

ಕಡಲ ಕುದುರೆಯ ಬಗ್ಗೆಯೂ ವಿವರವಾಗಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಇಷ್ಟು ತಿಳಿದಿರಲಿ: ಕಡಲ ಕುದುರೆಗೂ ಹವಳಕ್ಕೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಮ್ಮ ಕಡಲಿನಿಂದ ತೆಗೆದ ಅವನ್ನು ಯಾರಾದರೂ ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ನಮಸ್ಕಾರ.