ಬೆಚ್ಚಿಬೀಳುವ ಮುಂಚಿನ ಹತ್ತು ಸೆಕೆಂಡು

ನಮಸ್ಕಾರ. ಇವತ್ತು ಜಂಪ್ ಸ್ಕೇರ್ ಬಗ್ಗೆ, ಅಂದರೆ ಸಿನಿಮಾದಲ್ಲಿ ನಮ್ಮನ್ನು ದಿಢೀರ್ ಅಂತ ಬೆಚ್ಚಿಬೀಳಿಸುವ ಕ್ಷಣದ ಬಗ್ಗೆ ಮಾತಾಡೋಣ. ಹಳೆಯ ಕೆಲವು ಸಿನಿಮಾಗಳ ಮುಖ್ಯ ದೃಶ್ಯಗಳನ್ನೇ ಬಿಡಿಸಿ ಹೇಳುತ್ತೇನೆ. ನೋಡಿಲ್ಲದವರು ಮೊದಲು ನೋಡಿಕೊಂಡು ಬನ್ನಿ, ಆಮೇಲೆ ಇದನ್ನು ಕೇಳಿ.

ಜಂಪ್ ಸ್ಕೇರ್ ಅಂದರೆ ಅಗ್ಗದ ಗಿಮಿಕ್ ಅಂತ ಸುಮಾರು ಜನ ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಅಗ್ಗದ್ದು ಬೇಕಾದಷ್ಟಿವೆ, ನಿಜ. ದಿಢೀರ್ ಅಂತ ದೊಡ್ಡ ಸದ್ದು ಬಂದರೆ ಮೈ ತಾನಾಗಿಯೇ ಬೆಚ್ಚುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚುತ್ತೇವೆ, ಅಲ್ವಾ? ಅಷ್ಟಕ್ಕೆ ನಿರ್ದೇಶಕ ಯಾಕೆ ಬೇಕು? ಆ ಸದ್ದಿಗಿಂತ ಮುಂಚಿನ ಹತ್ತು ಸೆಕೆಂಡಿನಲ್ಲಿ ನಮ್ಮ ಕಣ್ಣು ಎಲ್ಲಿತ್ತು, ಮನಸ್ಸು ಎಲ್ಲಿತ್ತು ಅನ್ನುವುದರಲ್ಲಿ ಅವನ ಕೈಚಳಕ ಗೊತ್ತಾಗುತ್ತದೆ.

ಸ್ಟೀವನ್ ಸ್ಪೀಲ್‌ಬರ್ಗ್ ಅವರ 1975ರ 'ಜಾಸ್' ತೆಗೆದುಕೊಳ್ಳಿ, ಜನರನ್ನು ತಿನ್ನುವ ಶಾರ್ಕ್‌ನ ಬೇಟೆಯ ಕಥೆ. ಅದರಲ್ಲಿ ದೊಡ್ಡ ಬೆಚ್ಚು ಎರಡಿವೆ. ಮೊದಲನೆಯದು ರಾತ್ರಿ ನಡೆಯುತ್ತದೆ. ಸಮುದ್ರದಲ್ಲಿ ಒಂದು ಮುರುಕಲು ದೋಣಿ. ಶಾರ್ಕ್ ತಜ್ಞ ಹೂಪರ್ ನೀರಿಗಿಳಿಯುತ್ತಾನೆ. ದೋಣಿಯ ತಳದಲ್ಲಿ ದೊಡ್ಡ ತೂತು, ಅಲ್ಲಿ ಸಿಕ್ಕಿಕೊಂಡ ಶಾರ್ಕ್ ಹಲ್ಲು. ಹಲ್ಲನ್ನು ಕೈಗೆ ತೆಗೆದುಕೊಂಡು ನೋಡುತ್ತಿರುವಾಗಲೇ ತೂತಿನೊಳಗಿಂದ ಮೀನುಗಾರ ಬೆನ್ ಗಾರ್ಡನರ್‌ನ ಹೆಣದ ತಲೆ ಹೊರಬರುತ್ತದೆ. ಎದೆ ಝಲ್ ಅನ್ನುತ್ತದೆ.

ಇದು ಮೊದಲು ಸಿನಿಮಾದಲ್ಲಿ ಹೀಗಿರಲಿಲ್ಲ. ಪ್ರಿವ್ಯೂ ಆದಮೇಲೆ ಸ್ಪೀಲ್‌ಬರ್ಗ್‌ಗೆ ಇನ್ನೊಂದು ಕಿರುಚಾಟ ಬೇಕು ಅನ್ನಿಸಿತು. ಎಡಿಟರ್ ವರ್ನಾ ಫೀಲ್ಡ್ಸ್ ಅವರ ಮನೆಯ ಈಜುಕೊಳದಲ್ಲಿ, ನೀರು ಸಮುದ್ರದ ಹಾಗೆ ಮಬ್ಬಾಗಿ ಕಾಣಲಿ ಅಂತ ಹಾಲಿನ ಪುಡಿ ಸುರಿದು, ಸ್ವಂತ ದುಡ್ಡಿನಲ್ಲಿ ಮತ್ತೆ ಶೂಟ್ ಮಾಡಿದರು. ಕಿರುಚಾಟ ಸಿಕ್ಕಿತು. ಆದರೆ ಮುಂದೆ ಶಾರ್ಕ್ ಮೇಲೆ ಬರುವಾಗ ಜನ ಮೊದಲಿನಷ್ಟು ಬೆಚ್ಚಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಒಂದು ಸಲ ಏಟು ತಿಂದ ಪ್ರೇಕ್ಷಕ ಹುಷಾರಾಗಿಬಿಟ್ಟಿದ್ದ.

ನನಗೆ ಆ ಎರಡನೆಯದೇ ಹೆಚ್ಚು ಇಷ್ಟ. ಹಾಡುಹಗಲು, ದೋಣಿಯ ಹಿಂಭಾಗ. ಪೊಲೀಸ್ ಮುಖ್ಯಸ್ಥ ಬ್ರಾಡಿ ಬಾಯಲ್ಲಿ ಸಿಗರೇಟು ಕಚ್ಚಿಕೊಂಡು, ಶಾರ್ಕ್ ಸೆಳೆಯಲು ಮೀನಿನ ಚೂರು, ರಕ್ತ ಎಲ್ಲ ನೀರಿಗೆ ಎರಚುತ್ತಿದ್ದಾನೆ. ಗೊಣಗುತ್ತಿದ್ದಾನೆ. ಮುಖ ನೀರಿನ ಕಡೆಗಿಲ್ಲ, ದೋಣಿಯ ಒಳಗಿರುವವರ ಕಡೆಗಿದೆ. ಅವನ ಗೊಣಗಾಟ ಕೇಳಿ ನಮಗೆ ನಗು ಬರುತ್ತಿರುತ್ತದೆ. ಆಗ ಹಿಂದೆ ಶಾರ್ಕ್ ಬಾಯಿ ತೆರೆದುಕೊಂಡು ಮೇಲೇಳುತ್ತದೆ.

ಇಲ್ಲಿ ಸಂಗೀತ ಗಮನಿಸಿ. ಅಲ್ಲಿಯವರೆಗೆ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ನಮಗೆ ಒಂದು ಪಾಠ ಕಲಿಸಿರುತ್ತಾರೆ. ಆ ಎರಡು ಸ್ವರ ಕೇಳಿದರೆ ಶಾರ್ಕ್ ಇದೆ, ಕೇಳದಿದ್ದರೆ ಇಲ್ಲ. ಹುಡುಗರು ಶಾರ್ಕ್‌ನ ಸುಳ್ಳು ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಆ ಸ್ವರ ಬರುವುದೇ ಇಲ್ಲ. ಅಷ್ಟು ನಂಬಿಕೆ ಕಟ್ಟಿಕೊಟ್ಟು, ಇಲ್ಲಿ ಯಾವ ಸ್ವರವೂ ಇಲ್ಲದೆ ಶಾರ್ಕ್ ಅನ್ನು ಮೇಲಕ್ಕೆತ್ತುತ್ತಾರೆ. ಹತ್ತನೇ ಸಲ ನೋಡಿದರೂ ಇದು ಹಳತಾಗುವುದಿಲ್ಲ. ತಲೆಯ ದೃಶ್ಯ ಎರಡನೇ ಸಲಕ್ಕೇ ಸಪ್ಪೆಯಾಗುತ್ತದೆ.

ಇದೇ ಜಾತಿಯ ಇನ್ನೊಂದು, ಜಾನ್ ಕಾರ್ಪೆಂಟರ್ ಅವರ 1982ರ 'ದಿ ಥಿಂಗ್'. ಮನುಷ್ಯರ ರೂಪ ತಾಳುವ ಅನ್ಯಗ್ರಹದ ಜೀವಿ ತಮ್ಮಲ್ಲಿ ಯಾರು ಅಂತ ಕಂಡುಹಿಡಿಯಲು, ಒಬ್ಬೊಬ್ಬರ ರಕ್ತವನ್ನೂ ತಟ್ಟೆಯಲ್ಲಿಟ್ಟು, ಕಾಯಿಸಿದ ತಂತಿ ಅದ್ದಿ ಪರೀಕ್ಷೆ ಮಾಡುತ್ತಾರೆ. ಚುಯ್ ಅನ್ನುತ್ತದೆ, ಏನೂ ಆಗುವುದಿಲ್ಲ. ಮತ್ತೆ ಚುಯ್, ಮತ್ತೆ ಏನೂ ಇಲ್ಲ. ಅಷ್ಟರಲ್ಲಿ ಗ್ಯಾರಿ ಇದೆಲ್ಲ ಅರ್ಥವಿಲ್ಲದ್ದು ಅಂತ ಜಗಳ ತೆಗೆಯುತ್ತಾನೆ. ನಾಯಕ ಅವನಿಗೆ ಉತ್ತರ ಕೊಡುತ್ತಾ, ತಟ್ಟೆಯ ಕಡೆ ಜಾಸ್ತಿ ಗಮನವಿಲ್ಲದೆ ಪಾಮರ್‌ನ ರಕ್ತಕ್ಕೆ ತಂತಿ ಮುಟ್ಟಿಸುತ್ತಾನೆ. ರಕ್ತ ಕಿರುಚಿಕೊಂಡು ತಟ್ಟೆಯಿಂದ ಎಗರುತ್ತದೆ! ನಾವು ಗ್ಯಾರಿಯನ್ನೇ ಅನುಮಾನಿಸುತ್ತಾ ಕೂತಿರುತ್ತೇವೆ. ಪಾಮರ್ ನಮ್ಮ ಲೆಕ್ಕದಲ್ಲೇ ಇರುವುದಿಲ್ಲ.

'ಸೈಕೋ' ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಶವರ್ ದೃಶ್ಯದ ಬಗ್ಗೆ ಎಲ್ಲರೂ ಮಾತಾಡಿದ್ದಾರೆ, ನಾನು ಮೆಟ್ಟಿಲಿನ ದೃಶ್ಯಕ್ಕೆ ಬರುತ್ತೇನೆ. ಪತ್ತೇದಾರ ಅರ್ಬೊಗಾಸ್ಟ್ ಮೆಟ್ಟಿಲು ಹತ್ತುತ್ತಿದ್ದಾನೆ. ಮೇಲಿನ ಬಾಗಿಲು ಮೆಲ್ಲಗೆ ತೆರೆದುಕೊಳ್ಳುವುದನ್ನು ಹಿಚ್‌ಕಾಕ್ ನಮಗೆ ತೋರಿಸಿಯೇಬಿಡುತ್ತಾರೆ. ಏನಾಗುತ್ತದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಕ್ಯಾಮೆರಾ ಸೀದಾ ಚಾವಣಿಗೆ ಹೋಗಿ ಎಲ್ಲವನ್ನೂ ಪುಟ್ಟದಾಗಿ ತೋರಿಸುತ್ತದೆ, ಮರುಕ್ಷಣ ಅವನ ಮುಖ ಪರದೆ ತುಂಬುತ್ತದೆ. ಗೊತ್ತಿದ್ದೂ ಬೆಚ್ಚುತ್ತೇವೆ. 1960ರಲ್ಲಿ ಮಾಡಿದ್ದು ಇದು.

ಇನ್ನು ನನ್ನ ಪಟ್ಟಿಯ ಮೊದಲ ಎರಡು.

1990ರ 'ದಿ ಎಕ್ಸಾರ್ಸಿಸ್ಟ್ 3'. ನಿರ್ದೇಶಕ ವಿಲಿಯಂ ಪೀಟರ್ ಬ್ಲ್ಯಾಟಿ, ಮೂಲ ಕಾದಂಬರಿ ಬರೆದವರೇ. ಆಸ್ಪತ್ರೆಯ ಉದ್ದನೆಯ ಕಾರಿಡಾರ್, ರಾತ್ರಿ, ಒಬ್ಬಳು ನರ್ಸ್. ಕ್ಯಾಮೆರಾ ದೂರದಲ್ಲಿ ನಿಂತುಬಿಟ್ಟಿದೆ, ಅಲುಗಾಡುವುದಿಲ್ಲ. ಏನೋ ಸದ್ದು ಅಂತ ಅವಳು ಒಂದು ಕೋಣೆಗೆ ಹೋಗುತ್ತಾಳೆ, ನೋಡಿದರೆ ಲೋಟದಲ್ಲಿ ಐಸ್. ಅಲ್ಲೇ ರೋಗಿ ದಡಕ್ಕನೆ ಎದ್ದು ಬೈಯುತ್ತಾನೆ. ನಾವು ಬೆಚ್ಚಿ, ಓ ಇಷ್ಟೇನಾ ಅಂತ ಉಸಿರು ಬಿಡುತ್ತೇವೆ. ಮತ್ತೆ ಅದೇ ಕಾರಿಡಾರ್, ಅದೇ ದೂರ. ಜನ ಬರುತ್ತಾರೆ, ಹೋಗುತ್ತಾರೆ. ಅವಳು ಇನ್ನೊಂದು ಕೋಣೆ ನೋಡಿ, ಬಾಗಿಲು ಹಾಕಿ ತಿರುಗುತ್ತಾಳೆ. ಆ ಬಾಗಿಲಿನಿಂದಲೇ ಬಿಳಿ ಬಟ್ಟೆ ಹೊದ್ದ ಆಕೃತಿ ದೊಡ್ಡ ಕತ್ತರಿ ಚಾಚಿಕೊಂಡು ಅವಳ ಹಿಂದೆಯೇ ಬರುತ್ತದೆ. ಒಂದೆರಡು ಸೆಕೆಂಡು, ಅಷ್ಟೇ. ಕೊಲೆ ತೋರಿಸುವುದೂ ಇಲ್ಲ. ಇಷ್ಟು ಹೊತ್ತು ಏನೂ ಆಗದ ಶಾಟ್ ಇಟ್ಟುಕೊಳ್ಳುವ ಧೈರ್ಯ ಎಷ್ಟು ಜನರಿಗಿದೆ ಹೇಳಿ?

ಆದರೂ ಅದು ಎರಡನೇ ಸ್ಥಾನ. ಮೊದಲನೆಯದು 1942ರ 'ಕ್ಯಾಟ್ ಪೀಪಲ್'. ಆರ್‌ಕೆಒ ಸ್ಟುಡಿಯೊದಲ್ಲಿ ಕಡಿಮೆ ಬಜೆಟ್ಟಿನ ಹಾರರ್ ನೋಡಿಕೊಳ್ಳುತ್ತಿದ್ದ ವಾಲ್ ಲ್ಯೂಟನ್ ನಿರ್ಮಾಪಕ, ಜಾಕ್ ಟೂರ್ನರ್ ನಿರ್ದೇಶಕ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪಕ್ಕದ ರಸ್ತೆ. ಆಲಿಸ್ ಒಬ್ಬಳೇ ನಡೆಯುತ್ತಿದ್ದಾಳೆ, ಹಿಂದೆ ಐರಿನಾ, ತಾನು ಚಿರತೆಯಾಗಿ ಬದಲಾಗುತ್ತೇನೆ ಅಂತ ನಂಬಿದವಳು. ಸಂಗೀತ ಇಲ್ಲ. ಇಬ್ಬರ ಹೈಹೀಲ್ಸ್ ಟಕ್ ಟಕ್ ಅನ್ನುತ್ತಿದೆ. ದೀಪದ ಕೆಳಗೆ ಬೆಳಕು, ಮುಂದೆ ಕತ್ತಲು, ಮತ್ತೆ ಬೆಳಕು. ಇದ್ದಕ್ಕಿದ್ದ ಹಾಗೆ ಹಿಂದಿನ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಆಲಿಸ್ ತಿರುಗಿ ನೋಡಿದರೆ ರಸ್ತೆ ಖಾಲಿ. ಹೆಜ್ಜೆ ಜೋರಾಗುತ್ತದೆ, ಓಡುತ್ತಾಳೆ. ಆಗ ಬುಸ್ ಅಂತ ಸದ್ದು. ಚಿರತೆ ಅಂತ ಜೀವ ಬಾಯಿಗೆ ಬರುತ್ತದೆ. ಬಂದಿದ್ದು ಸಿಟಿ ಬಸ್ಸು, ಅದರ ಬ್ರೇಕಿನ ಸದ್ದು.

ಸಿನಿಮಾದವರು ಇಂಥ ಹುಸಿ ಬೆಚ್ಚಿಗೆ ಇವತ್ತಿಗೂ 'ಲ್ಯೂಟನ್ ಬಸ್' ಅಂತಲೇ ಕರೆಯುತ್ತಾರೆ. ಆಮೇಲೆ ಬಂದವರು ಬಸ್ಸಿನ ಜಾಗಕ್ಕೆ ಸುಮ್ನೆ ಬೆಕ್ಕು ಎಸೆದರು, ಹೆಗಲ ಮೇಲೆ ಕೈ ಇಟ್ಟರು. ಆ ನಿಂತುಹೋದ ಹೆಜ್ಜೆಯನ್ನು ಮಾತ್ರ ಕಲಿಯಲಿಲ್ಲ. 1976ರ 'ಕ್ಯಾರಿ' ಕೊನೆಯಲ್ಲಿ ಸಮಾಧಿಯಿಂದ ಕೈ ಬಂದಮೇಲೂ ಹೀಗೇ ಆಯಿತು. ಬ್ರಯಾನ್ ಡಿ ಪಾಮಾ ಅದನ್ನು ಕನಸಿನಂಥ ಶಾಟ್‌ಗಳಲ್ಲಿ ಚೆನ್ನಾಗಿ ಕಟ್ಟಿದ್ದರು, ನಂತರದವರು ಕೊನೇ ನಿಮಿಷಕ್ಕೆ ಒಂದು ಬೆಚ್ಚು ಇಡುವುದನ್ನಷ್ಟೇ ಎತ್ತಿಕೊಂಡರು.

ಬಸ್ಸಿಗೆ ಯಾಕೆ ಮೊದಲ ಸ್ಥಾನ ಅಂದರೆ, 'ಜಾಸ್' ಸಿನಿಮಾದ ತಲೆ ಮುಂದಿನ ದೃಶ್ಯದಿಂದ ಭಯವನ್ನು ಕಿತ್ತುಕೊಂಡಿತು, ಈ ಬಸ್ಸು ಮುಂದಿನ ದೃಶ್ಯಕ್ಕೆ ಕೊಟ್ಟಿತು. ಅದೇ ಆಲಿಸ್ ಮುಂದೆ ನೆಲಮಾಳಿಗೆಯ ಈಜುಕೊಳದಲ್ಲಿ ಒಬ್ಬಳೇ ಇರುತ್ತಾಳೆ. ಗೋಡೆಯ ಮೇಲೆ ನೀರಿನ ನೆರಳು, ಎಲ್ಲೋ ಗುರ್ ಅನ್ನುವ ಸದ್ದು. ಏನೂ ಎಗರುವುದಿಲ್ಲ. ಆದರೆ ಬಸ್ಸು ನೆನಪಿರುವುದರಿಂದ ಈಗ ಬಂತು, ಈಗ ಬಂತು ಅಂತ ನಾವೇ ಕಾಯುತ್ತೇವೆ. ಇಡೀ ಸಿನಿಮಾ ಬರೀ 73 ನಿಮಿಷ. ಹೆಡ್‌ಫೋನ್ ಹಾಕಿಕೊಂಡು ನೋಡಿ, ಆ ಹೆಜ್ಜೆ ಸದ್ದು ಫೋನಿನ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳುವುದಿಲ್ಲ.