ಬಿ.ಕಾಂ. ಆಯ್ತು, ಎಂ.ಕಾಂ. ಯಾಕೆ?

ಕೇಳುಗರಿಗೆ ನಮಸ್ಕಾರ.

ಬಿ.ಕಾಂ. ಕೊನೆಯ ಸೆಮಿಸ್ಟರ್ ಫಲಿತಾಂಶ ಬಂದ ದಿನದಿಂದಲೇ ಮನೆಯಲ್ಲಿ ಮುಂದೇನು ಅನ್ನುವ ಮಾತು ಶುರುವಾಗುತ್ತದೆ. ಅಪ್ಪ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಾರೆ. ಮಾವ ಬಂದು, ಸಿ.ಎ. ಮಾಡಿಸಿ ಭಾವ, ಆಡಿಟರ್ ಆದ್ರೆ ಚಿಂತೆ ಇಲ್ಲ ಅಂತಾರೆ. ಮಗಳಾದರೆ ಇನ್ನೊಂದು ಮಾತು ಇದ್ದೇ ಇರುತ್ತದೆ: 'ಎಂ.ಕಾಂ. ಸೇರಿಸಿಬಿಡಿ, ಒಳ್ಳೆ ಸಂಬಂಧ ಬರೋವರೆಗೂ ಓದ್ತಾ ಇರ್ಲಿ.' ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕಾಮರ್ಸ್ ಪಾಠ ಮಾಡುವವನು ನಾನು. ಎರಡು ವರ್ಷ, ನಾಲ್ಕು ಸೆಮಿಸ್ಟರ್‌ನ ಒಂದು ಪದವಿಯನ್ನು ಬಸ್ ಬರೋವರೆಗೆ ಕೂರುವ ಕಲ್ಲುಬೆಂಚು ಮಾಡಿಕೊಂಡಿದ್ದೇವೆ ನಾವು.

ಬಿ.ಕಾಂ.ನಲ್ಲಿ ಕಲಿಯದ ಯಾವುದನ್ನು ಎಂ.ಕಾಂ.ನಲ್ಲಿ ಕಲಿಯುತ್ತೇವೆ? ಇವತ್ತು ಮುಖ್ಯವಾಗಿ ಅದನ್ನೇ ಹೇಳುತ್ತೇನೆ. ಉಳಿದದ್ದು ಆಮೇಲೆ.

ಬಿ.ಕಾಂ. ಓದಿದವರಿಗೆಲ್ಲ ಒಂದು ಸುಖ ಗೊತ್ತು. ಪರೀಕ್ಷೆಯಲ್ಲಿ ದೊಡ್ಡ ಲೆಕ್ಕ ಮಾಡಿ, ಕೊನೆಗೆ ಬ್ಯಾಲೆನ್ಸ್ ಶೀಟಿನ ಎರಡೂ ಕಡೆಯ ಮೊತ್ತ ಒಂದೇ ಬಂದಾಗ ಆಗುವ ಸುಖ. ಹೊರಗೆ ಬಂದವರು ಮೊದಲು ಕೇಳೋದೂ ಅದನ್ನೇ, 'ನಿಂದು ಟ್ಯಾಲಿ ಆಯ್ತಾ?' ಆಯ್ತು ಅಂದ್ರೆ ಮುಗೀತು, ಲೆಕ್ಕ ಸರಿ. ಮೂರು ವರ್ಷ ಈ ನಂಬಿಕೆಯಲ್ಲೇ ಕಳೆಯುತ್ತದೆ. ಒಳ್ಳೆಯ ಎಂ.ಕಾಂ. ತರಗತಿಯಲ್ಲಿ ಮೊದಲು ಮುರಿಯುವುದು ಇದೇ ನಂಬಿಕೆ.

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಒಂದು ಪತ್ರ ಬರೆದರು. ನಗದು ಮತ್ತು ಬ್ಯಾಂಕ್ ಶಿಲ್ಕು ಅಂತ ಪುಸ್ತಕದಲ್ಲಿ ತೋರಿಸಿದ್ದರಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ ಅಂತ ಅವರೇ ಒಪ್ಪಿಕೊಂಡರು. ಸ್ವಲ್ಪ ಯೋಚನೆ ಮಾಡಿ. ಆ ಕಂಪನಿಯ ಬ್ಯಾಲೆನ್ಸ್ ಶೀಟ್ ಪ್ರತಿ ಸಲವೂ ಟ್ಯಾಲಿ ಆಗುತ್ತಿತ್ತು, ಅಲ್ವಾ? ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಹಾಗಾದರೆ ಬ್ಯಾಂಕಿನ ದೃಢೀಕರಣ ಪತ್ರ ಆಡಿಟರ್ ಕೈಗೆ ಎಲ್ಲಿಂದ ಬರಬೇಕು, ಕಂಪನಿಯ ಕಚೇರಿಯಿಂದಲೋ, ನೇರವಾಗಿ ಬ್ಯಾಂಕಿನಿಂದಲೋ? ಆಡಿಟರ್‌ನ ಕೆಲಸವನ್ನು ಮತ್ತೆ ಯಾರು ನೋಡಬೇಕು? ಈ ಕೊನೆಯ ಪ್ರಶ್ನೆಯ ಜಾಡು ಹಿಡಿದರೆ 2013ರ ಕಂಪನಿ ಕಾಯಿದೆ ಸಿಗುತ್ತದೆ. ಆ ಕಾಯಿದೆಯಡಿ 2018ರಲ್ಲಿ ಶುರುವಾದ, ಆಡಿಟರ್‌ಗಳ ಕೆಲಸದ ಮೇಲೆ ಕಣ್ಣಿಡುವ ಎನ್.ಎಫ್.ಆರ್.ಎ. ಅನ್ನುವ ರಾಷ್ಟ್ರೀಯ ಪ್ರಾಧಿಕಾರವೂ ಸಿಗುತ್ತದೆ. ಇಲ್ಲಿ ಜರ್ನಲ್ ಎಂಟ್ರಿ ಬರೆಯಲು ಬಂದರೆ ಸಾಲದು.

ಅದು ಮೋಸದ ಕಥೆ. ಮೋಸವೇ ಇಲ್ಲದ ಕಡೆ ಇನ್ನೂ ಸ್ವಾರಸ್ಯ ಇದೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ.

ಒಂದು ಕಂಪನಿ ಮೂರು ವರ್ಷಕ್ಕೆ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದಿದೆ. ವರ್ಷಕ್ಕೆ 1 ಲಕ್ಷ ಬಾಡಿಗೆ, ವರ್ಷದ ಕೊನೆಗೆ ಕೊಡೋದು. ಬಿ.ಕಾಂ. ಹುಡುಗನಿಗೆ ಇದು ಸಲೀಸು. ಬಾಡಿಗೆ ಖರ್ಚು 1 ಲಕ್ಷ, ಮೂರು ವರ್ಷವೂ ಅಷ್ಟೇ. ಆದರೆ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ 2019ರ ಏಪ್ರಿಲ್ 1ರಿಂದ ಇಂಡ್ ಎ.ಎಸ್. 116 ಅನ್ನುವ ಲೆಕ್ಕಪತ್ರದ ಮಾನದಂಡ ಬಂತು. ಮೂರು ವರ್ಷ ಬಾಡಿಗೆ ಕೊಡುತ್ತೇನೆ ಅಂತ ಕರಾರು ಮಾಡಿಕೊಂಡರೆ ಅದೂ ಒಂದು ಸಾಲವೇ, ಹಾಗಾಗಿ ಅದನ್ನು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸಿ ಅನ್ನುತ್ತದೆ ಅದು. ಶೇಕಡಾ 10ರ ಬಡ್ಡಿದರದಲ್ಲಿ, ಮುಂದೆ ಕೊಡಬೇಕಾದ ಆ ಮೂರು ಲಕ್ಷದ ಇವತ್ತಿನ ಬೆಲೆ 2,48,685 ರೂಪಾಯಿ. ಇಷ್ಟು ಸಾಲ ಒಂದು ಕಡೆ. ಅಂಗಡಿ ಬಳಸುವ ಹಕ್ಕು ಅಂತ ಅಷ್ಟೇ ಮೊತ್ತದ ಆಸ್ತಿ ಇನ್ನೊಂದು ಕಡೆ.

ಈಗ ಖರ್ಚು ನೋಡಿ. ಆಸ್ತಿಯ ಸವಕಳಿ ವರ್ಷಕ್ಕೆ 82,895. ಅದರ ಮೇಲೆ ಸಾಲದ ಬಡ್ಡಿ, ಮೊದಲ ವರ್ಷ 24,869. ಎರಡೂ ಸೇರಿ 1,07,764. ಮೂರನೇ ವರ್ಷಕ್ಕೆ ಸಾಲ ಕರಗಿರುತ್ತದೆ, ಬಡ್ಡಿ 9,091ಕ್ಕೆ ಇಳಿದು ಒಟ್ಟು ಖರ್ಚು 91,986 ಆಗುತ್ತದೆ. ಮೂರು ವರ್ಷದ್ದು ಕೂಡಿದರೆ ಅದೇ 3 ಲಕ್ಷ. ಅಂಗಡಿ ಅದೇ, ಮಾಲೀಕನ ಕೈಗೆ ಹೋದ ಹಣವೂ ಅದೇ. ಆದರೆ ಮೊದಲ ವರ್ಷದ ಲಾಭ ಕಡಿಮೆಯಾಯಿತು, ಮೂರನೇ ವರ್ಷದ್ದು ಜಾಸ್ತಿಯಾಯಿತು. ಮ್ಯಾನೇಜರ್‌ಗೆ ಬೋನಸ್ ಲಾಭದ ಮೇಲಿದ್ದರೆ? ಇರುವ ಸಾಲ ಇಷ್ಟಕ್ಕಿಂತ ಹೆಚ್ಚಾದರೆ ಹೊಸ ಸಾಲ ಇಲ್ಲ ಅಂತ ಬ್ಯಾಂಕ್ ಷರತ್ತು ಹಾಕಿದ್ದರೆ? ಬಾಡಿಗೆ ವಿಮಾನಗಳನ್ನೇ ಹಾರಿಸುವ ಕಂಪನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ನೀವೇ ಊಹಿಸಿ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಆ ಶೇಕಡಾ 10 ಬಡ್ಡಿದರ ಎಲ್ಲಿಂದ ಬಂತು? ಎಷ್ಟೋ ಸಲ ಅದನ್ನು ಕಂಪನಿಯೇ ಅಂದಾಜು ಮಾಡಬೇಕು. ಶೇಕಡಾ 12 ಅಂತ ಹಿಡಿದರೆ ಅದೇ ಸಾಲ 2,40,183ಕ್ಕೆ ಇಳಿಯುತ್ತದೆ. ಎಂಟೂವರೆ ಸಾವಿರ ಮಾಯ! ಎರಡು ಬ್ಯಾಲೆನ್ಸ್ ಶೀಟೂ ಟ್ಯಾಲಿ ಆಗುತ್ತವೆ. ಯಾವುದು ಸರಿ, ಯಾಕೆ ಸರಿ ಅಂತ ವಾದ ಮಾಡಲು ಬರಬೇಕು. ನನ್ನ ಮಟ್ಟಿಗೆ ಎಂ.ಕಾಂ. ಅಂದರೆ ಇದು. ಈ ವಾದದಲ್ಲಿ ನಿಮಗೆ ರುಚಿ ಇದ್ದರೆ ಸೇರಿ. 'ಅಯ್ಯೋ, ಯಾವುದೋ ಒಂದು ಹೇಳಿ, ಬರೆದುಕೊಳ್ತೀನಿ' ಅನ್ನಿಸಿತೇ? ಹಾಗಿದ್ದರೆ ಎರಡು ವರ್ಷ ಸುಮ್ನೆ ಕಳೆಯಬೇಡಿ. ಎಂಟ್ರಿ ಹಾಕುವ ಕೆಲಸಕ್ಕೆ ಬಿ.ಕಾಂ. ಸಾಕು, ಅದರಲ್ಲೂ ಅರ್ಧವನ್ನು ಈಗ ಸಾಫ್ಟ್‌ವೇರೇ ಮಾಡುತ್ತದೆ.

ಇನ್ನು ಹೊಟ್ಟೆಪಾಡಿನ ಮಾತು. ಒಂದು ಗೊಂದಲ ಮೊದಲೇ ತೀರಿಸಿಬಿಡುತ್ತೇನೆ. ಎಂ.ಕಾಂ. ಮಾಡಿದವರು ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಹಾಗಿಲ್ಲ. ಆ ಹಕ್ಕು ಚಾರ್ಟರ್ಡ್ ಅಕೌಂಟೆಂಟರದು. ಸಹಿಯೇ ಬೇಕು ಅನ್ನುವವರು ಸಿ.ಎ. ಕಡೆಗೇ ಹೋಗಿ. ಬಿ.ಕಾಂ.ನಲ್ಲಿ ಶೇಕಡಾ 55 ಇದ್ದರೆ ಫೌಂಡೇಶನ್ ಅನ್ನುವ ಮೊದಲ ಹಂತ ಬಿಟ್ಟು ನೇರ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ಗೆ ಸೇರಬಹುದು. ಆರ್ಟಿಕಲ್‌ಶಿಪ್, ಅಂದರೆ ಆಡಿಟರ್ ಕೈಕೆಳಗಿನ ತರಬೇತಿ, ಈಗ ಎರಡು ವರ್ಷಕ್ಕೆ ಇಳಿದಿದೆ. ಆದರೆ ಹಗಲೆಲ್ಲ ಆಡಿಟರ್ ಕಚೇರಿಯಲ್ಲಿದ್ದುಕೊಂಡು ರೆಗ್ಯುಲರ್ ಎಂ.ಕಾಂ. ಕೂಡ ಮಾಡುತ್ತೇನೆ ಅಂದರೆ ಎರಡೂ ಕೈತಪ್ಪುತ್ತವೆ. ಕೆಲಸದಲ್ಲಿರುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ, ಇಗ್ನೋ ಇದೆ. ಅಲ್ಲೂ ಎಂ.ಕಾಂ. ಮಾಡಬಹುದು. ವಾದ ಮಾಡಲು ಜೊತೆಗಾರರನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು.

ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಆಸೆ ಇದ್ದವರಿಗೆ ಎಂ.ಕಾಂ. ಬಿಟ್ಟರೆ ದಾರಿ ಇಲ್ಲ. ಶೇಕಡಾ 55 ಅಂಕ ಬೇಕು, ಮೀಸಲಾತಿ ಇರುವವರಿಗೆ 50. ಆಮೇಲೆ ಉಪನ್ಯಾಸಕರ ಅರ್ಹತಾ ಪರೀಕ್ಷೆ: ದೇಶಮಟ್ಟದ ನೆಟ್ ಅಥವಾ ಕರ್ನಾಟಕದ ಕೆ-ಸೆಟ್. ನೆಟ್‌ನಲ್ಲಿ ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದಕ್ಕೆ ಓದುವುದನ್ನು ಮೊದಲ ಸೆಮಿಸ್ಟರ್‌ನಲ್ಲೇ ಶುರುಮಾಡಿ. ಪಾಸಾದ ಕೂಡಲೇ ಕಾಯಂ ಕೆಲಸ ಕಾದಿರುತ್ತದೆ ಅಂತ ನಾನು ಹೇಳಲಾರೆ. ನಮ್ಮ ಕಾಲೇಜುಗಳ ಅತಿಥಿ ಉಪನ್ಯಾಸಕರ ಪಾಡು ನಿಮಗೆ ಗೊತ್ತೇ ಇದೆ. ಕಣ್ಣು ಬಿಟ್ಟುಕೊಂಡೇ ಈ ದಾರಿಗೆ ಬನ್ನಿ.

ಇತ್ತೀಚೆಗೆ ಬೆಂಗಳೂರಿನ ಹುಡುಗ ಹುಡುಗಿಯರು ಹೆಚ್ಚು ಕೇಳುವುದು ಸಿ.ಪಿ.ಎ. ಬಗ್ಗೆ, ಅಂದರೆ ನಮ್ಮ ಸಿ.ಎ. ತರಹದ ಅಮೆರಿಕದ ಅರ್ಹತೆಯ ಬಗ್ಗೆ. ಅಲ್ಲಿನ ರಾಜ್ಯಗಳು ಪರವಾನಗಿಗೆ 150 ಕ್ರೆಡಿಟ್ ಅವರ್ ಓದು ಕೇಳುತ್ತಾ ಬಂದಿವೆ. ಅಲ್ಲಿನ ನಾಲ್ಕು ವರ್ಷದ ಪದವಿಗೆ 120 ಸಿಗುತ್ತದೆ. ಉಳಿದ 30ಕ್ಕಾಗಿ ಬಹಳ ಜನ ಅಲ್ಲಿ ಅಕೌಂಟಿಂಗ್ ಮಾಸ್ಟರ್ಸ್ ಮಾಡುತ್ತಾರೆ. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಸಾಮಾನ್ಯವಾಗಿ 90 ಅಂತ ಲೆಕ್ಕ ಹಾಕುತ್ತಾರೆ. ಜೊತೆಗೆ ಎಂ.ಕಾಂ. ಇದ್ದರೆ 150ರ ಹತ್ತಿರ ಹೋಗುತ್ತದೆ. ಈಗ ಅಲ್ಲೂ ಗಾಳಿ ಬದಲಾಗುತ್ತಿದೆ. ನಾಲ್ಕು ವರ್ಷದ ಪದವಿ ಮತ್ತು ಎರಡು ವರ್ಷದ ಅನುಭವ ಇದ್ದರೂ ಸಾಕು ಅಂತ ಓಹಿಯೋ ರಾಜ್ಯ 2025ರ ಜನವರಿಯಲ್ಲಿ ಕಾನೂನು ಮಾಡಿತು. ಹಾಗಾಗಿ ಯಾವ ರಾಜ್ಯದ ಪರವಾನಗಿ ಅಂತ ಮೊದಲು ಗೊತ್ತು ಮಾಡಿಕೊಂಡು, ಆಮೇಲೆ ಫೀಸು ಕಟ್ಟಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಪಠ್ಯಕ್ರಮ ಇಳಿಸಿಕೊಂಡು ಓದಿ. ಅದರಲ್ಲಿ ತೆರಿಗೆ ವಿಷಯಕ್ಕೇ ಮೊದಲು ಕೈಹಾಕಿ. 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2025ರ ಹೊಸ ಕಾಯಿದೆ 2026ರ ಏಪ್ರಿಲ್ 1ರಿಂದ ಬಂದಿದೆ. ಆದಾಯ ಗಳಿಸಿದ ವರ್ಷ ಪ್ರೀವಿಯಸ್ ಇಯರ್, ತೆರಿಗೆ ಲೆಕ್ಕ ಹಾಕುವ ವರ್ಷ ಅಸೆಸ್‌ಮೆಂಟ್ ಇಯರ್ ಅಂತ ಬಾಯಿಪಾಠ ಮಾಡಿದ್ದು ಹೋಗಿ ಈಗ ಒಂದೇ ಟ್ಯಾಕ್ಸ್ ಇಯರ್. ನೀವು ಸೇರಲಿರುವ ವಿಭಾಗ ಇದನ್ನು ಪಠ್ಯಕ್ಕೆ ತಂದಿದೆಯೇ, ಇಲ್ಲವೇ ಅಂತ ನೋಡಿ. ತಂದಿರದಿದ್ದರೆ ಅರ್ಜಿ ಕೊಡಲು ಹೋದಾಗ ಮುಖ್ಯಸ್ಥರನ್ನೇ ಕೇಳಿ. ನಾಚಿಕೆ ಬೇಡ, ಎರಡು ವರ್ಷ ಕೊಡುವವರು ನೀವು.

ನಮಸ್ಕಾರ.