ಎರಡನೆಯ ಭಾನುವಾರ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮ ಕ್ರೈಸ್ತ ಸಭೆಯ ಕೀರ್ತನೆ ಪುಸ್ತಕಗಳ ಧೂಳು ಕೊಡವಿ ಜೋಡಿಸಿಡುತ್ತಿದ್ದೆ. ಒಂದು ಪುಸ್ತಕದೊಳಗಿಂದ ಚಿಕ್ಕ ಕಾರ್ಡೊಂದು ಜಾರಿ ಬಿತ್ತು. ಹೊಸದಾಗಿ ಬಂದವರಿಗೆ ತುಂಬಲು ಕೊಡುವ ಕಾರ್ಡು ಅದು. ದುಂಡನೆಯ ಅಕ್ಷರದಲ್ಲಿ ಒಬ್ಬ ಮಹಿಳೆಯ ಹೆಸರು, ಫೋನ್ ನಂಬರು. ಅದರ ಕೆಳಗೆ ಪ್ರಾರ್ಥನೆಯ ಕೋರಿಕೆ ಎಂಬಲ್ಲಿ, ‘ಅಮ್ಮನ ಕಣ್ಣಿನ ಆಪರೇಷನ್, ಬರುವ ಗುರುವಾರ’ ಎಂದು ಬರೆದಿತ್ತು. ತಾರೀಖು ನೋಡಿದರೆ ಆಗಲೇ ಐದು ತಿಂಗಳು ಕಳೆದಿದ್ದವು. ಆ ಭಾನುವಾರ ಬಾಗಿಲಲ್ಲಿ ನಿಂತು ಸ್ವಾಗತಿಸುವ ಪಾಳಿ ನನ್ನದೇ ಆಗಿತ್ತು. ಅವರ ಕೈಯಿಂದ ಕಾರ್ಡು ಇಸಿದುಕೊಂಡವನು ನಾನು. ಆರಾಧನೆ ಶುರುವಾಯಿತು ಎಂಬ ಅವಸರದಲ್ಲಿ ಕೈಗೆ ಸಿಕ್ಕ ಪುಸ್ತಕದಲ್ಲಿ ತುರುಕಿಟ್ಟವನೂ ನಾನೇ.

ಅಂದು ಸಂಜೆ ಆ ನಂಬರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವರು ಸಿಟ್ಟಾಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಅಮ್ಮ ಈಗ ಸತ್ಯವೇದವನ್ನು ತಾವೇ ಓದಿಕೊಳ್ಳುತ್ತಾರೆ ಎಂದರು. ಆಮೇಲೆ ಸ್ವಲ್ಪ ತಡೆದು ಹೇಳಿದರು: “ನಾನು ಮುಂದಿನ ಭಾನುವಾರವೂ ಬಂದಿದ್ದೆ. ಬಾಗಿಲಲ್ಲಿ ಇದ್ದವರು, ಮೊದಲ ಸಲ ಬರ್ತಾ ಇದ್ದೀರಾ ಅಂತ ಕೇಳಿ, ಇನ್ನೊಂದು ಕಾರ್ಡು ಕೊಟ್ಟರು.” ಅವರು ಆಮೇಲೆ ಬರಲಿಲ್ಲ.

ಸಭೆಗಳಲ್ಲಿ ತಂತ್ರಜ್ಞಾನ ಎಂದ ಕೂಡಲೇ ದೊಡ್ಡ ಪರದೆ, ಬಣ್ಣದ ದೀಪ, ನಾಲ್ಕು ಕ್ಯಾಮೆರಾಗಳ ಮಾತು ಶುರುವಾಗುತ್ತದೆ. ನನಗೆ ಮಾತ್ರ ಆ ಕಾರ್ಡು ಕಣ್ಣ ಮುಂದೆ ಬರುತ್ತದೆ. ಮೊದಲನೆಯ ಭಾನುವಾರ ಜನ ನೂರು ಕಾರಣಕ್ಕೆ ಬರುತ್ತಾರೆ. ಗೆಳೆಯರು ಕರೆದಿರುತ್ತಾರೆ, ಮನಸ್ಸಿಗೆ ನೋವಾಗಿರುತ್ತದೆ, ದಾರಿಯಲ್ಲಿ ಹೋಗುವಾಗ ಹಾಡು ಕೇಳಿಸಿರುತ್ತದೆ. ಎರಡನೆಯ ಭಾನುವಾರ ಬರುವಾಗ ಅವರ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ನಾನು ಬಂದಿದ್ದು ಇಲ್ಲಿ ಯಾರಿಗಾದರೂ ನೆನಪಿದೆಯೇ? ಯಾವುದೇ ಹೊಸ ಸಾಧನವನ್ನು ಸಭೆಗೆ ತರುವ ಮಾತು ಬಂದಾಗ ನಾನು ಕೇಳುವುದು ಇಷ್ಟೇ. ಆ ಎರಡನೆಯ ಭಾನುವಾರಕ್ಕೆ ಇದರಿಂದ ಏನು ಉಪಯೋಗ?

ಹೊಸ ಯಂತ್ರಗಳು ಆರಾಧನೆಗೆ ಬಂದದ್ದು ನಿನ್ನೆ ಮೊನ್ನೆಯಲ್ಲ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾಲ್ವರಿ ಎಪಿಸ್ಕೋಪಲ್ ಚರ್ಚಿನ ಸಂಜೆಯ ಆರಾಧನೆಯನ್ನು ಕೆಡಿಕೆಎ ಎಂಬ ಬಾನುಲಿ ನಿಲಯ ಪ್ರಸಾರ ಮಾಡಿತು. ಆ ನಿಲಯ ಶುರುವಾಗಿ ಬರೀ ಎರಡು ತಿಂಗಳಾಗಿತ್ತು. ಆರಾಧನೆಗೆ ಬಂದವರ ಗಮನ ಯಂತ್ರದ ಕಡೆ ಹೋಗದಿರಲಿ ಎಂದು ತಂತ್ರಜ್ಞರಿಗೆ ಗಾನವೃಂದದ ನಿಲುವಂಗಿ ತೊಡಿಸಿದ್ದರಂತೆ. ಈ ಸಂಗತಿ ನನಗೆ ಬಹಳ ಇಷ್ಟ. ಯಂತ್ರ ಕೆಲಸ ಮಾಡುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಆ ಪ್ರಸಾರ ಹೋಗುತ್ತಿದ್ದುದು ಒಂದೇ ದಿಕ್ಕಿಗೆ. ಮನೆಯಲ್ಲಿ ಕೂತು ಕೇಳಿದವರು ಯಾರು, ಅವರಿಗೆ ಏನು ಬೇಕಿತ್ತು ಎಂದು ತಿಳಿಯುವ ದಾರಿ ಇರಲಿಲ್ಲ. ಇಂದು ನಮ್ಮ ಜೇಬಿನಲ್ಲಿರುವ ಫೋನು ಆ ಉತ್ತರವನ್ನೂ ಹೊತ್ತು ತರುತ್ತದೆ.

ಹೊಸಬರು ಸಭೆಯ ಬಾಗಿಲಿಗೆ ಬರುವ ಮೊದಲೇ ಫೋನಿನಲ್ಲಿ ಒಮ್ಮೆ ಬಂದು ಹೋಗಿರುತ್ತಾರೆ. ಮ್ಯಾಪಿನಲ್ಲಿ ಹುಡುಕುತ್ತಾರೆ, ಫೋಟೋ ನೋಡುತ್ತಾರೆ, ವೇಳೆ ನೋಡುತ್ತಾರೆ. ಆ ವೇಳೆಯೇ ತಪ್ಪಾಗಿದ್ದರೆ? ಹಬ್ಬದ ದಿನ ಆರಾಧನೆಯನ್ನು ಒಂದು ಗಂಟೆ ಬೇಗ ಶುರು ಮಾಡಿ ಮ್ಯಾಪಿನಲ್ಲಿ ತಿದ್ದದೆ ಬಿಟ್ಟರೆ, ಹೊಸ ಕುಟುಂಬವೊಂದು ಆಶೀರ್ವಾದದ ಹೊತ್ತಿಗೆ ಬಂದು ಹೊರಗೆ ನಿಂತಿರುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಸಭೆಯ ವಿವರವನ್ನು ಸಭೆಯವರೇ ವಹಿಸಿಕೊಂಡು ತಿದ್ದಬಹುದು, ವಿಶೇಷ ದಿನಗಳಿಗೆ ಬೇರೆ ವೇಳೆ ಹಾಕಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಒಬ್ಬರು ಹೊಣೆ ಹೊತ್ತರೆ ಸಾಕು.

ಇನ್ನು ಫೋಟೋಗಳು. ಬಹುತೇಕ ಸಭೆಗಳು ಖಾಲಿ ಪೀಠದ ಚಿತ್ರ, ಇಲ್ಲವೇ ಸಭಾಪಾಲಕರು ಮೈಕಿನ ಮುಂದೆ ಕೈಯೆತ್ತಿದ ಚಿತ್ರ ಹಾಕುತ್ತವೆ. ಹೊಸಬರಿಗೆ ಬೇಕಾಗಿರುವುದು ಬಾಗಿಲಿನ ಚಿತ್ರ. ಯಾವ ಕಡೆಯಿಂದ ಒಳಗೆ ಬರಬೇಕು, ಗಾಲಿಕುರ್ಚಿ ಬರುತ್ತದೆಯೇ, ಮಕ್ಕಳು ಎಲ್ಲಿ ಕೂರುತ್ತಾರೆ, ಆರಾಧನೆ ಎಷ್ಟು ಹೊತ್ತು, ಯಾವ ಭಾಷೆಯಲ್ಲಿ, ಕಾಣಿಕೆ ಕೊಡಲೇಬೇಕೇ, ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿನಲ್ಲಿ ತಾವು ಏನು ಮಾಡಬೇಕು. ಇಂಥದ್ದನ್ನು ಬಾಯಿಬಿಟ್ಟು ಕೇಳಲು ಯಾರಿಗೇ ಆಗಲಿ ಸಂಕೋಚ. ಫೋನಿನಿಂದಲೇ ತೆಗೆದ ಎರಡು ನಿಮಿಷದ ವಿಡಿಯೊದಲ್ಲಿ, ಬೀದಿಯಿಂದ ಬಾಗಿಲವರೆಗೆ ನಡೆಯುತ್ತಾ ಇಷ್ಟನ್ನೂ ಸರಳವಾಗಿ ಹೇಳಿಬಿಡಬಹುದು.

ನೇರಪ್ರಸಾರದ ವಿಷಯದಲ್ಲಿ ನನಗೆ ಸತ್ಯವೇದದ ಜಕ್ಕಾಯನ ನೆನಪಾಗುತ್ತದೆ. ಯೇಸುವನ್ನು ನೋಡುವ ಆಸೆ ಅವನಿಗೆ. ಗಿಡ್ಡನಾದ್ದರಿಂದ ಗುಂಪಿನ ನಡುವೆ ಏನೂ ಕಾಣದೆ ಅತ್ತಿಮರ ಹತ್ತಿ ಕೂತ. ಮನೆಯಲ್ಲಿ ಪರದೆಯ ಮುಂದೆ ಕೂತು ತಿಂಗಳುಗಟ್ಟಲೆ ಆರಾಧನೆ ನೋಡುವವರಲ್ಲಿ ಅನೇಕರು ಹೀಗೆ ಮರದ ಮೇಲೆ ಕೂತವರು. 2020ರ ನಂತರ ಅಂಥವರ ಸಂಖ್ಯೆ ಎಲ್ಲ ಕಡೆಯೂ ಹೆಚ್ಚಿತು. ಯೇಸು ಆ ಮರದ ಕೆಳಗೆ ನಿಂತು, ತಲೆಯೆತ್ತಿ, ಹೆಸರು ಹಿಡಿದು ಕರೆದ. ನಾವು ಮಾಡುವುದು ಎಷ್ಟು ಜನ ನೋಡಿದರು ಎಂಬ ಲೆಕ್ಕ. ಪ್ರಸಾರ ನಡೆಯುವಾಗ ಒಬ್ಬ ವಿಶ್ವಾಸಿ ಫೋನ್ ಹಿಡಿದು ಕೂತು, ಬರೆದವರಿಗೆಲ್ಲ ಅವರವರ ಹೆಸರು ಹೇಳಿ ಉತ್ತರ ಕೊಟ್ಟರೆ, ಪ್ರಾರ್ಥನೆ ಕೇಳಿದವರಿಗೆ ಆಮೇಲೆ ಪ್ರತ್ಯೇಕವಾಗಿ ಬರೆದರೆ, ಅದು ಮರದ ಬುಡಕ್ಕೆ ಹೋಗಿ ನಿಂತ ಹಾಗೆ.

ಬಾಗಿಲಿಗೆ ಬರೋಣ. ಕ್ಯೂಆರ್ ಕೋಡ್ ಎಂಬ ಚೌಕಾಕಾರದ ಗುರುತು ನಿಮಗೆಲ್ಲ ಗೊತ್ತು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ವಾಹನದ ಬಿಡಿಭಾಗಗಳ ಲೆಕ್ಕ ತಪ್ಪದಿರಲಿ ಎಂದು ಅದನ್ನು ರೂಪಿಸಿದರು. ಪುಸ್ತಕದೊಳಗೆ ಕಳೆದುಹೋಗುವ ಕಾರ್ಡಿಗೆ ಅದು ಒಳ್ಳೆಯ ಬದಲಿ. ಹೊಸಬರು ತಮ್ಮ ಫೋನಿನಲ್ಲೇ ಬರೆದರೆ ಮಾಹಿತಿ ನೇರವಾಗಿ ಪಟ್ಟಿಗೆ ಸೇರುತ್ತದೆ, ಯಾರ ಅವಸರಕ್ಕೂ ಸಿಕ್ಕದು. ಆದರೆ ಕೇಳುವುದು ನಾಲ್ಕೇ ಇರಲಿ: ಹೆಸರು, ಸಂಪರ್ಕಿಸಲು ಇಷ್ಟವೇ, ಇಷ್ಟವಿದ್ದರೆ ಹೇಗೆ, ನಾವು ಯಾವುದಕ್ಕಾಗಿ ಪ್ರಾರ್ಥಿಸಬೇಕು. ಹುಟ್ಟಿದ ದಿನ, ಕೆಲಸ, ಮದುವೆಯಾಗಿದೆಯೇ, ಮೊದಲು ಯಾವ ಸಭೆಗೆ ಹೋಗುತ್ತಿದ್ದಿರಿ ಎಂದೆಲ್ಲ ಹದಿನೈದು ಪ್ರಶ್ನೆ ಕೇಳುವ ಫಾರಂಗಳನ್ನು ನಾನು ಕಂಡಿದ್ದೇನೆ. ವಿಚಾರಣೆಯಂತೆ ಅನ್ನಿಸುವ ಸ್ವಾಗತ ಅದು. ಫೋನು ಇಲ್ಲದವರಿಗೆ, ಕಣ್ಣು ಮಂಜಾದವರಿಗೆ ಕಾಗದ, ಪೆನ್ನು ಜೊತೆಗಿರಲಿ. ಅದನ್ನು ಅಂದೇ ಪಟ್ಟಿಗೆ ಏರಿಸುವವರೂ ಇರಲಿ.

ಒಳಗೆ ಕೂತ ಮೇಲೆ ಹೊಸಬರಿಗೆ ಕಾಡುವುದು ಗೊತ್ತಾಗದಿರುವಿಕೆ. ಯಾವಾಗ ಏಳಬೇಕು, ಯಾವಾಗ ಕೂರಬೇಕು? ಸತ್ಯವೇದದ ಹಬಕ್ಕೂಕನ ಗ್ರಂಥ ಎಂದಾಗ ಅಕ್ಕಪಕ್ಕದವರೆಲ್ಲ ಸರಸರನೆ ಪುಟ ತಿರುವುತ್ತಾರೆ, ಇವರ ಬೆರಳು ಮಾತ್ರ ಎಲ್ಲೋ ತಡಕಾಡುತ್ತದೆ. ಪರದೆಯಲ್ಲಿ ವಚನವನ್ನೂ ಹಾಡಿನ ಸಾಲನ್ನೂ ತೋರಿಸಿದರೆ ಆ ಮುಜುಗರ ಇರುವುದಿಲ್ಲ. ಪರದೆ ಇಲ್ಲದ ಸಭೆಯಲ್ಲಿ ಪುಟದ ಸಂಖ್ಯೆ ಹೇಳಿದರೂ ಆದೀತು. ಶ್ರವಣಯಂತ್ರ ಹಾಕಿಕೊಂಡವರಿಗಾಗಿ ಇಂಡಕ್ಷನ್ ಲೂಪ್ ಎಂಬ ವ್ಯವಸ್ಥೆ ಇದೆ. ಸಭಾಂಗಣದ ಸುತ್ತ ಒಂದು ತಂತಿ ಹಾಯಿಸಿ ಮೈಕಿಗೆ ಜೋಡಿಸುತ್ತಾರೆ. ಟೆಲಿಕಾಯಿಲ್ ಎಂಬ ಪುಟ್ಟ ತಂತಿಸುರುಳಿ ಇರುವ ಶ್ರವಣಯಂತ್ರಗಳು ಅದರ ಕಾಂತಕ್ಷೇತ್ರವನ್ನು ಹಿಡಿಯುತ್ತವೆ. ಗದ್ದಲ, ಪ್ರತಿಧ್ವನಿ ಬಹುಮಟ್ಟಿಗೆ ದೂರವಾಗಿ ಸಭಾಪಾಲಕರ ಪ್ರಸಂಗದ ಮಾತು ನೇರ ಕಿವಿಗೆ ಬೀಳುತ್ತದೆ. ಬಣ್ಣದ ದೀಪಕ್ಕೆ ಹಣ ಕೂಡಿಸುವ ಮುನ್ನ ಇದನ್ನು ಯೋಚಿಸಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಪ್ರಸಂಗ ಕೇಳಿಸದೆ ಸುಮ್ಮನೆ ಹೋಗುವ ಹಿರಿಯರು ಯಾರಿಗೂ ದೂರು ಕೊಡುವುದಿಲ್ಲ.

ಈಗ ಮನೆಗೆ ಹೋದ ಮೇಲಿನ ಮಾತು. ಒಮ್ಮೆ ನಾನೇ ಬೇರೊಂದು ಸಭೆಗೆ ಹೊಸಬನಾಗಿ ಹೋಗಿದ್ದೆ. ಆರಾಧನೆ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ, ಸಂದೇಶ ಬಂತು: ‘ಪ್ರಿಯ ಫಸ್ಟ್ ನೇಮ್, ನೀವು ನಮಗೆ ಅಮೂಲ್ಯ.’ ಹೆಸರು ತಾನಾಗಿ ಬರಬೇಕಾದ ಜಾಗದಲ್ಲಿ ಬಂದಿರಲಿಲ್ಲ. ಅದನ್ನು ಓದಿ ನನಗಾದ ಬೇಸರ ಇಂದಿಗೂ ಹೋಗಿಲ್ಲ. ತಾನಾಗಿ ಹೋಗುವ ಸಂದೇಶಕ್ಕೆ ಅದರದೇ ಜಾಗವಿದೆ. ಆರಾಧನೆಯ ವೇಳೆ ಬದಲಾದರೆ ತಿಳಿಸಲಿ, ವಿಳಾಸ ಕಳಿಸಲಿ. ನೀವು ಬಂದದ್ದು ಸಂತೋಷ ಎಂಬ ಮಾತನ್ನು ಮಾತ್ರ ಅಂದು ಅವರ ಪಕ್ಕದಲ್ಲಿ ಕೂತವರು, ಅವರ ಮುಖ ಕಂಡವರು, ತಮ್ಮ ಕೈಯಾರೆ ಬರೆಯಬೇಕು. ‘ನಿಮ್ಮ ಮಗಳು ಕೊನೆಯ ಹಾಡನ್ನು ಎಷ್ಟು ಚೆನ್ನಾಗಿ ಹೇಳಿಕೊಂಡಳು, ನನಗೆ ಖುಷಿಯಾಯಿತು’ ಎಂಬ ಒಂದು ಸಾಲನ್ನು ಯಾವ ಸಾಫ್ಟ್‌ವೇರೂ ಬರೆಯಲಾರದು. ಅದು ಆ ಮಗುವನ್ನು ನೋಡಿಲ್ಲವಲ್ಲ.

ಹೊಸಬರನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಸೇರಿಸಬೇಡಿ. ಒಮ್ಮೆ ಸೇರಿಸಿದರೆ ಅವರ ನಂಬರು ಗುಂಪಿನವರಿಗೆಲ್ಲ ಕಾಣುತ್ತದೆ. ಮುಂಜಾನೆಯಿಂದ ನೂರು ಸಂದೇಶ ಬಂದು, ಅವರು ಸದ್ದಿಲ್ಲದೆ ಗುಂಪಿನಿಂದಲೂ ಸಭೆಯಿಂದಲೂ ಹೊರಟುಹೋಗುತ್ತಾರೆ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಬಳಸುವವರಿಗೂ ಒಂದು ಮಾತು. ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಕಳಿಸಿದ್ದೇವೆ, ಉತ್ತರವೇ ಇಲ್ಲ ಎಂದು ಕೊರಗುವ ಸಭೆಗಳಲ್ಲಿ ಎಷ್ಟೋ ಸಲ ಸಂದೇಶ ಹೋಗಿರುವುದೇ ಇಲ್ಲ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಒಬ್ಬರು ಚರ್ಚಿಗೆ ಬಂದರು ಎಂಬುದೇ ಸೂಕ್ಷ್ಮವಾದ ಮಾಹಿತಿ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾದ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ನಿಯಮ, ಧಾರ್ಮಿಕ ನಂಬಿಕೆಯನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿಗಳ ಸಾಲಿಗೆ ಸೇರಿಸಿದೆ. ಕಾನೂನು ಹೇಳಲಿ, ಬಿಡಲಿ, ಮನೆಯವರಿಗೆ ತಿಳಿಸದೆ ಬಂದವರಿರುತ್ತಾರೆ, ನೋವಿನಿಂದ ಓಡಿ ಬಂದವರಿರುತ್ತಾರೆ. ಅವರನ್ನು ಕೇಳದೆ ಅವರ ಮುಖ ನೇರಪ್ರಸಾರದಲ್ಲಿ ಹೋಗಬಾರದು. ಕ್ಯಾಮೆರಾಗೆ ಸಿಕ್ಕದ ಕೆಲವು ಸಾಲುಗಳು ಇರಲಿ, ಅವು ಯಾವುವೆಂದು ಬಾಗಿಲಲ್ಲೇ ಹೇಳಿ. ಒಬ್ಬರು ನಂಬಿ ಬರೆದುಕೊಟ್ಟ ಪ್ರಾರ್ಥನೆಯ ಕೋರಿಕೆ ಗುಂಪುಗಳಲ್ಲಿ ಸುತ್ತಾಡಬಾರದು. ಬೇಡ ಎಂದವರ ಹೆಸರನ್ನು ಪಟ್ಟಿಯಿಂದ ಅಳಿಸಿ, ಅಳಿಸಿದ್ದೇವೆ ಎಂದು ತಿಳಿಸಿ.

ಹಾಗಾದರೆ ದೊಡ್ಡ ಸಾಫ್ಟ್‌ವೇರ್ ಬೇಕೇ? ಸಾವಿರಾರು ಜನರ ಸಭೆಗೆ ಬೇಕಾಗಬಹುದು. ನಮ್ಮಂಥವರಿಗೆ ಒಂದು ಸ್ಪ್ರೆಡ್‌ಶೀಟ್ ಸಾಕಾಯಿತು. ಆ ಕಾರ್ಡು ಸಿಕ್ಕ ವಾರವೇ ಶುರು ಮಾಡಿದೆವು. ಹೆಸರು, ಬಂದ ದಿನ, ಜೊತೆಯಲ್ಲಿ ಕೂತವರು ಯಾರು, ಏನು ಹೇಳಿಕೊಂಡರು, ನಾವು ಏನು ಮಾತು ಕೊಟ್ಟೆವು, ಅದನ್ನು ಯಾರು ಮಾಡಬೇಕು. ಪಟ್ಟಿಯನ್ನು ತೆರೆಯಬಲ್ಲವರು ಮೂವರೇ. ಕೊಟ್ಟ ಮಾತಿನ ಕಂಬಸಾಲು ಖಾಲಿ ಉಳಿದರೆ ಅದು ಕೆಂಪಾಗುತ್ತದೆ. ಬಂದವರು ಮೂರು ವಾರ ಕಾಣದಿದ್ದರೆ ಪಟ್ಟಿ ನೆನಪಿಸುತ್ತದೆ. ಆಗ ಫೋನ್ ಮಾಡುವವರು ಯಾಕೆ ಬಂದಿಲ್ಲ ಎಂದು ಕೇಳಬಾರದು, ಹೇಗಿದ್ದೀರಿ ಎಂದು ಕೇಳಬೇಕು. ಇವೆರಡಕ್ಕೂ ಎಷ್ಟು ಅಂತರವಿದೆ ಎಂಬುದು ಆ ಫೋನ್ ಎತ್ತಿಕೊಂಡವರಿಗೆ ಗೊತ್ತು.

ಶನಿವಾರ ರಾತ್ರಿ ಮಲಗುವ ಮುನ್ನ ನಾನು ಆ ಪಟ್ಟಿ ತೆರೆಯುತ್ತೇನೆ. ಕಳೆದ ವಾರ ಮೊದಲ ಸಲ ಬಂದವರ ಹೆಸರುಗಳನ್ನು ಬಾಯಿಬಿಟ್ಟು ಎರಡೆರಡು ಸಲ ಹೇಳಿಕೊಳ್ಳುತ್ತೇನೆ. ಆಮೇಲೆ ಫೋನನ್ನು ಮೇಜಿನ ಮೇಲೆ ಇಡುತ್ತೇನೆ. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುವಾಗ ಅದು ನನ್ನ ಕೈಯಲ್ಲಿ ಇರುವುದಿಲ್ಲ.

ನಮಸ್ಕಾರ.